ನೇರ ಮಾತು, ಗೋಡೆಯ ಮಾತು

(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ವಾರ್ಷಿಕೋತ್ಸವದ ಈ ಶುಭಸಂದರ್ಭದಲ್ಲಿ ನಾಲ್ಕು ಮಾತುಗಳನ್ನಾಡಬೇಕೆಂದು ಸಂಘದ ಕಾರ್ಯದರ್ಶಿಗಳು ನಮ್ಮನ್ನು ಕೇಳಿಕೊಂಡರು. ವಿಷಯವೇನೆಂದು ವಿಚಾರಿಸಿದಾಗ 'ಧ್ವನಿ' ಎಂದೆವು. ಕನ್ನಡ ಪಂಡಿತರಾದುದರಿಂದ ಆನಂದವರ್ಧನನ ಧ್ವನಿಸಿದ್ಧಾಂತವನ್ನು ಕುರಿತು ಹೇಳುವರೆಂದು ತಿಳಿದು ಅವರು ಸಂತೋಷಪಟ್ಟರು. ನಾವು ಹೇಳಹೊರಟಿರುವುದು ಈ ಭವನದ ಕಂಬಕ್ಕೆ ಕಟ್ಟಿರುವ ಧ್ವನಿವರ್ಧಕದ ಧ್ವನಿಯನ್ನು ಕುರಿತು. ವ್ಯಾಕರಣ ಹೇಳುವವರಿಗೆ ಯಂತ್ರದ ಗೊಡವೆ ಏಕೆಂದು ತಾವು ಕೇಳಬಹುದು. ಅದಕ್ಕೊಂದು ಕಾರಣವುಂಟು, ಅದನ್ನು ಮೊದಲು ಅರಿಕೆಮಾಡಿಕೊಳ್ಳುತ್ತೇವೆ.

ಕಳೆದ ಆಷಾಢದಲ್ಲಿ ಇದೇ ಭವನದಲ್ಲಿ ನಡೆದ ತಾಳಮದ್ದಳೆಯು ತಮಗೆಲ್ಲ ನೆನಪಿರಬಹುದು. ಒಳ್ಳೆಯ ಭಾಗವತರು, ನುರಿತ ಅರ್ಥಧಾರಿಗಳು. ಹಗಲಿನ ಮಳೆಗೆ ಅಂಜಿ ಜನರು ಮಾತ್ರ ಅರ್ಧದಷ್ಟೇ ಬಂದಿದ್ದರು. ಪ್ರಸಂಗ ಮುಗಿದು ಮಂಗಳವಾದ ಬಳಿಕ, ಹಿಂದಿನ ಸಾಲಿನಲ್ಲಿ ಕುಳಿತಿದ್ದ ಹಿರಿಯರೊಬ್ಬರು ನಮ್ಮ ಕೈ ಹಿಡಿದುಕೊಂಡು, "ಪದ ಕೇಳಿತು ಮಾಷ್ಟ್ರೆ, ಅರ್ಥ ಕೇಳಲಿಲ್ಲ" ಎಂದರು. ಜೀವಮಾನವೆಲ್ಲ ತಾಳಮದ್ದಳೆ ಕೇಳಿ ಪಳಗಿದ ಕಿವಿ ಅದು. ಕರ್ಣನು ಏನೆಂದನೆಂಬುದು ತಿಳಿಯದೆ ಅವರು ಮನೆಗೆ ಹೋದರು. ಅವರ ಮಾತಿನಲ್ಲಿ ದೂರಿಗಿಂತ ದುಃಖವೇ ಹೆಚ್ಚಾಗಿತ್ತು.

ಬಳಿಕ ಈ ವಿಚಾರವು ಕಾರ್ಯಕಾರೀ ಸಮಿತಿಯಲ್ಲಿ ಚರ್ಚೆಗೆ ಬಂದಿತು. ಈಗಿರುವುದಕ್ಕಿಂತ ದೊಡ್ಡ ಧ್ವನಿವರ್ಧಕಗಳನ್ನು ತರಿಸಬೇಕೆಂದು ಕೆಲವರು ಹೇಳಿದರು. ಅಷ್ಟರಲ್ಲಿ, ಕೊಲ್ಲಿ ದೇಶದಲ್ಲಿ ಉದ್ಯೋಗದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ತಾನು ಬಹುಕಾಲದಿಂದ ಜೋಪಾನವಾಗಿ ಇಟ್ಟುಕೊಂಡಿರುವ ಒಂದು ಜೊತೆ ಸ್ಪೀಕರ್ ಪೆಟ್ಟಿಗೆಗಳನ್ನು ಸಂಘಕ್ಕೆ ಕೊಡುವೆನೆಂದು ಬರೆದನು. ಅವು ಅಮೆರಿಕದವು, ಬೋಸ್ 901 ಎಂದು ಅವುಗಳ ಹೆಸರು. ಅವನು ರಜೆಯಲ್ಲಿ ಊರಿಗೆ ಬಂದಿದ್ದಾಗ ಅವನ ಮನೆಯಲ್ಲಿ ನಾವು ಅವುಗಳನ್ನು ಕೇಳಿದೆವು. ಪೆಟ್ಟಿಗೆಯು ದೊಡ್ಡದೇನಲ್ಲ. ಅದರಲ್ಲಿ ಒಂಬತ್ತು ಚಿಕ್ಕ ಸ್ಪೀಕರ್‌ಗಳು. ಎಂಟು ಹಿಂದಿನ ಗೋಡೆಗೆ ಮುಖಮಾಡಿವೆ, ನಮ್ಮ ಕಡೆಗೆ ನೋಡುವುದು ಒಂದೇ ಒಂದು. ಅವನು ಪಿಟೀಲಿನ ಕಚೇರಿಯೊಂದನ್ನು ಹಾಕಿದನು. ನಾದವು ಪೆಟ್ಟಿಗೆಯಿಂದ ಹೊರಟಂತೆ ತೋರಲಿಲ್ಲ. ಆ ಗೋಡೆಯೇ ವಿಸ್ತಾರವಾದ ವೇದಿಕೆಯಾಗಿ ಅದರ ಮೇಲೆ ವಿದ್ವಾಂಸರು ಕುಳಿತಿರುವರೋ ಎಂಬಂತಿತ್ತು. "ಸರ್, ಇದನ್ನೇ ನಮ್ಮ ಭವನದಲ್ಲಿ ಇಡೋಣ" ಎಂದನು.

ಶ್ರೋತೃಗಳಿಗೆ ಬೆನ್ನುಮಾಡಿದ ಯಂತ್ರವು ಇಷ್ಟು ಚೆನ್ನಾಗಿ ಹಾಡುವುದೆಂತು? ಅದು ನಮ್ಮ ಭವನದಲ್ಲಿ ಆ ಹಿರಿಯರಿಗೆ ಅರ್ಥವನ್ನು ಕೇಳಿಸೀತೆ? ಈ ಎರಡು ಪ್ರಶ್ನೆಗಳು ನಮ್ಮನ್ನು ಬಿಡಲಿಲ್ಲ. ನಮ್ಮ ಶಾಲೆಯ ಭೌತವಿಜ್ಞಾನದ ಅಧ್ಯಾಪಕ ಮಿತ್ರರ ಸಹಾಯದಿಂದ ತಿಳಿದುಕೊಂಡುದನ್ನು ತಮ್ಮ ಮುಂದಿಡುತ್ತೇವೆ.

ಅಂಗಳದಲ್ಲಿ ಆಡಿದ ಮಾತಿಗೂ ಭವನದೊಳಗೆ ಆಡಿದ ಮಾತಿಗೂ ಭೇದವುಂಟು. ಅಂಗಳದಲ್ಲಿ ಮಾತು ಬಾಯಿಂದ ಹೊರಟು ನೇರವಾಗಿ ಕಿವಿಗೆ ಬಂದು ಮುಗಿಯುವುದು. ಉಳಿದುದು ತೋಟದ ಕಡೆಗೋ ಆಕಾಶಕ್ಕೋ ಹೋಗಿ ಮರಳದು. ದೂರ ಇಮ್ಮಡಿಯಾದರೆ ಈ ನೇರ ಧ್ವನಿಯ ಬಲವು ನಾಲ್ಕರಲ್ಲೊಂದು ಪಾಲಾಗುವುದು. ಭವನದೊಳಗಾದರೋ, ನೇರವಾಗಿ ಬಂದ ಧ್ವನಿಯ ಬೆನ್ನ ಹಿಂದೆಯೇ ಗೋಡೆ, ನೆಲ, ಮಾಡುಗಳಿಗೆ ತಾಗಿ ಮರಳಿದ ಧ್ವನಿಗಳು ಒಂದಾದಮೇಲೊಂದು ಬರುವುವು. ಧ್ವನಿಯು ಒಂದು ಸೆಕೆಂಡಿಗೆ ಸುಮಾರು 340 ಮೀಟರು ಓಡುವುದಷ್ಟೆ. ಸುತ್ತುದಾರಿಯಲ್ಲಿ ಬಂದುದು ತಡವಾಗಿ ಬರಲೇಬೇಕು. ಹೀಗೆ ಮರಳಿ ಮರಳಿ ತಾಗಿ ಮೆಲ್ಲನೆ ಕರಗುವ ಶಬ್ದಕ್ಕೆ ಅನುರಣನವೆಂದು ಹೆಸರು. ನೇರ ಧ್ವನಿಯು ದೂರ ಹೋದಂತೆ ಕುಗ್ಗುವುದು. ಅನುರಣನವು ಭವನದ ತುಂಬ ಹೆಚ್ಚುಕಡಿಮೆ ಒಂದೇ ಸಮನಾಗಿ ತುಂಬಿಕೊಳ್ಳುವುದು. ಆದಕಾರಣ ಮುಂದಿನ ಸಾಲಿನವರು ಬಾಯಿಯನ್ನು ಕೇಳುವರು, ಹಿಂದಿನ ಸಾಲಿನವರು ಗೋಡೆಯನ್ನು ಕೇಳುವರು. ವಿಜಯಪುರದ ಗೋಲಗುಮ್ಮಟಕ್ಕೆ ಪ್ರವಾಸ ಹೋದ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ಒಂದು ಚಪ್ಪಾಳೆ ತಟ್ಟಿದರೆ ಗುಮ್ಮಟವು ಹಲವು ಬಾರಿ ತಟ್ಟುವುದು.

ಈ ಅನುರಣನವನ್ನು ಮೊದಲು ಅಳೆದವರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ವಾಲೆಸ್ ಕ್ಲೆಮೆಂಟ್ ಸಬೈನ್ ಎಂಬ ಅಧ್ಯಾಪಕರು. 1895ರಲ್ಲಿ ಅಲ್ಲಿಯ ಫಾಗ್ ಕಲಾಸಂಗ್ರಹಾಲಯದ ಹೊಸ ಉಪನ್ಯಾಸ ಮಂದಿರದಲ್ಲಿ ಪಾಠವೇ ಕೇಳಿಸದೆ ಹೋಯಿತು. ಆಡಿದ ಒಂದು ಮಾತು ಕರಗಲು ಐದೂವರೆ ಸೆಕೆಂಡಿಗೂ ಮಿಕ್ಕಿ ಬೇಕಾಗುತ್ತಿತ್ತು. ಅಷ್ಟರಲ್ಲಿ ಉಪನ್ಯಾಸಕರು ಹತ್ತಾರು ಮಾತುಗಳನ್ನು ಮುಂದೆ ಹೋಗಿಬಿಡುವರು. ಸಬೈನರು ರಾತ್ರಿಯ ಹೊತ್ತು ಸಮೀಪದ ನಾಟಕ ಮಂದಿರದಿಂದ ಆಸನಗಳ ದಿಂಬುಗಳನ್ನು ಹೊರಿಸಿ ತಂದು, ಒಂದೊಂದು ಸಾಲಾಗಿ ಹರಡಿ, ಆರ್ಗನ್ ಕೊಳವೆಯೊಂದನ್ನು ಊದಿಸಿ, ಶಬ್ದವು ಎಷ್ಟು ಹೊತ್ತಿಗೆ ಕರಗುವುದೆಂದು ಲೆಕ್ಕವಿಟ್ಟರು. ಬೆಳಗಾಗುವುದರೊಳಗೆ ದಿಂಬುಗಳನ್ನು ಸ್ವಸ್ಥಾನಕ್ಕೆ ಮುಟ್ಟಿಸಿದರು. ದಿಂಬು ಹೆಚ್ಚಿದಷ್ಟೂ ಅನುರಣನವು ಕಿರಿದಾಗುವುದೆಂದೂ, ಕುಳಿತ ಮನುಷ್ಯರೂ ದಿಂಬಿನಂತೆಯೇ ಧ್ವನಿಯನ್ನು ಹೀರುವರೆಂದೂ ಅವರು ಕಂಡುಕೊಂಡರು. ಭವನದ ಘನ ಅಳತೆಯನ್ನು ಅದರಲ್ಲಿರುವ ಹೀರುವ ಶಕ್ತಿಯಿಂದ ಭಾಗಿಸಿದರೆ ಅನುರಣನದ ಕಾಲವು ದೊರೆಯುವುದೆಂಬ ಅವರ ಸೂತ್ರವು ಇಂದಿಗೂ ಬಳಕೆಯಲ್ಲಿದೆ. ಅವರ ಸಲಹೆಯಂತೆ ಕಟ್ಟಿದ ಬಾಸ್ಟನ್ ನಗರದ ಸಿಂಫನಿ ಹಾಲ್ ಎಂಬ ಸಂಗೀತ ಮಂದಿರವು 1900ರ ಅಕ್ಟೋಬರದಲ್ಲಿ ತೆರೆಯಿತು. ಲೋಕದ ಅತ್ಯುತ್ತಮ ಸಂಗೀತ ಮಂದಿರಗಳ ಸಾಲಿನಲ್ಲಿ ಅದಕ್ಕೆ ಸ್ಥಾನವುಂಟು. ಜನ ತುಂಬಿದಾಗಲೂ ಅಲ್ಲಿ ನಾದವು ಎರಡು ಸೆಕೆಂಡಿಗೆ ಸಮೀಪ ನಿಲ್ಲುವುದು. ಅರ್ಧ ಸಭೆಯ ದಿನ ನಮ್ಮ ಭವನವೇಕೆ ಹೆಚ್ಚು ಮೊರೆಯಿತೆಂಬುದು ಇಲ್ಲಿ ತಿಳಿಯಿತಷ್ಟೆ. ಬಾರದಿದ್ದವರೆಲ್ಲರೂ ಬಾರದ ದಿಂಬುಗಳು!

ಹಾಗಾದರೆ ಇಷ್ಟೊಂದು ಮರುಧ್ವನಿಗಳ ನಡುವೆ ನಮಗೆ ಒಂದೇ ಧ್ವನಿ ಕೇಳಿಸಿದಂತಾಗುವುದೇಕೆ? ಇದು ಕಿವಿಯ ಚಮತ್ಕಾರ. 1949ರಲ್ಲಿ ಜರ್ಮನಿಯ ಹೆಲ್ಮುಟ್ ಹಾಸ್ ಎಂಬವರು ಇದನ್ನು ಪರೀಕ್ಷಿಸಿ ಪ್ರಬಂಧ ಬರೆದರು. ಮೊದಲು ಬಂದ ಧ್ವನಿಯ ಬೆನ್ನಲ್ಲೇ, ಒಂದು ಸೆಕೆಂಡಿನ ನೂರರಲ್ಲಿ ಮೂರು ಪಾಲಿನೊಳಗೆ ಅದರ ಮರುಧ್ವನಿ ಬಂದರೆ, ಕಿವಿಯು ಎರಡನ್ನೂ ಬೆರೆಸಿ ಒಂದಾಗಿ ಸ್ವೀಕರಿಸುವುದು. ಧ್ವನಿಯು ಎತ್ತಣಿಂದ ಬಂದಿತೆಂಬುದನ್ನು ಮೊದಲು ಬಂದುದರಿಂದಲೇ ತೀರ್ಮಾನಿಸುವುದು. ತಡವಾಗಿ ಬಂದುದನ್ನು ಧ್ವನಿಗೆ ಮೈದುಂಬಿಸುವುದಕ್ಕೆ ಬಳಸಿಕೊಳ್ಳುವುದು. ಅದಕ್ಕಿಂತ ಬಹಳ ತಡವಾಗಿ ಬಂದುದು ಮಾತ್ರ ಬೇರೆಯಾಗಿ ನಿಂತು ಕಾಡುವುದು. ಬೇಗ ಬಂದ ಮರುಧ್ವನಿ ಮಿತ್ರ, ತಡವಾಗಿ ಬಂದುದು ಶತ್ರು ಎಂದು ಸ್ಥೂಲವಾಗಿ ಹೇಳಬಹುದು.

ಈಗ ಆ ಪೆಟ್ಟಿಗೆಯ ವಿಚಾರಕ್ಕೆ ಬರೋಣ. ಅದನ್ನು ರೂಪಿಸಿದ ಅಮರ್ ಗೋಪಾಲ್ ಬೋಸರು 1929ರಲ್ಲಿ ಅಮೆರಿಕದ ಫಿಲಡೆಲ್ಫಿಯದಲ್ಲಿ ಹುಟ್ಟಿದರು. ಅವರ ತಂದೆ ನೋನಿ ಗೋಪಾಲ್ ಬೋಸರು ವಂಗದೇಶದವರು. ಸ್ವಾತಂತ್ರ್ಯ ಹೋರಾಟದಲ್ಲಿ ಬ್ರಿಟಿಷರ ಕೋಪಕ್ಕೆ ಗುರಿಯಾಗಿ 1920ರ ಸುಮಾರಿಗೆ ದೇಶ ಬಿಟ್ಟು ಅಲ್ಲಿಗೆ ಹೋದವರು. ಎರಡನೆಯ ಮಹಾಯುದ್ಧದಲ್ಲಿ ತಂದೆಯ ಆಮದು ವ್ಯಾಪಾರವು ಕುಸಿದಾಗ, ಇನ್ನೂ ಶಾಲೆಯಲ್ಲಿದ್ದ ಬಾಲಕ ಅಮರನು ರೇಡಿಯೋಗಳನ್ನು ದುರಸ್ತಿ ಮಾಡಿ ಮನೆಗೆ ನೆರವಾದನು. ಎಳವೆಯಲ್ಲಿ ಪಿಟೀಲನ್ನೂ ಕಲಿತಿದ್ದನು. ಮೆಸಾಚುಸೆಟ್ಸ್ ತಂತ್ರವಿಜ್ಞಾನ ಸಂಸ್ಥೆಯಲ್ಲಿ ಓದಿ 1956ರಲ್ಲಿ ಡಾಕ್ಟರ್ ಪದವಿಯನ್ನು ಪಡೆದ ಅವರು, ಆ ವರ್ಷವೇ ಸಂಗೀತ ಕೇಳುವುದಕ್ಕೆಂದು ಒಂದು ಯಂತ್ರವನ್ನು ಕೊಂಡರು. ಯಂತ್ರದ ಗುಣಗಳನ್ನು ವಿವರಿಸುವ ಕಾಗದದ ಮೇಲಿನ ಅಂಕಿಗಳೆಲ್ಲವೂ ಉತ್ತಮವಾಗಿದ್ದುವು. ಪಿಟೀಲು ಮಾತ್ರ ಪಿಟೀಲಿನಂತೆ ಕೇಳಿಸಲಿಲ್ಲ. ಪಿಟೀಲು ನುಡಿಸಿ ಬಲ್ಲ ಕಿವಿಯು ಅಂಕಿಯನ್ನು ನಂಬದೆ ಹೋಯಿತು. ಅಲ್ಲಿಂದ ಅವರ ಸಂಶೋಧನೆ ಆರಂಭವಾಯಿತು.

ಬೋಸರು ಕಂಡ ಮಾತು ಇದು: ಸಂಗೀತ ಮಂದಿರದಲ್ಲಿ ಕುಳಿತವನ ಕಿವಿಗೆ ಬೀಳುವ ನಾದದಲ್ಲಿ ವಾದ್ಯದಿಂದ ನೇರವಾಗಿ ಬಂದುದು ಅತ್ಯಲ್ಪ, ಗೋಡೆ ಮಾಡುಗಳಿಂದ ಮರಳಿ ಬಂದುದೇ ಬಹುಪಾಲು. ಬಾಸ್ಟನ್ನಿನ ಆ ಸಿಂಫನಿ ಹಾಲ್‌ನಲ್ಲಿ ಅಳೆದಾಗ ನೇರ ನಾದವು ನೂರಕ್ಕೆ ಹನ್ನೊಂದರಷ್ಟು ಮಾತ್ರವೆಂದೂ ಉಳಿದ ಎಂಬತ್ತೊಂಬತ್ತು ಪಾಲು ಪ್ರತಿಫಲಿತವೆಂದೂ ಅವರು ಪ್ರಕಟಪಡಿಸಿದರು. ಸಾಮಾನ್ಯವಾದ ಸ್ಪೀಕರ್ ಪೆಟ್ಟಿಗೆಯು ತನ್ನ ನಾದದ ಹೆಚ್ಚಿನ ಭಾಗವನ್ನು ಮುಂದಕ್ಕೇ ಎಸೆಯುವುದು. ಆದುದರಿಂದ ಮನೆಯಲ್ಲಿ ಕೇಳುವ ಪಿಟೀಲು ಮೂಗಿನ ಮುಂದೆ ಹಿಡಿದಂತೆ ತೀಕ್ಷ್ಣವಾಗಿ, ಕಿಟಕಿಯ ಸಂದಿಯಿಂದ ಇಣುಕಿದಂತೆ ಸಂಕುಚಿತವಾಗಿ ತೋರುವುದೆಂದು ಅವರು ತರ್ಕಿಸಿದರು.

1964ರಲ್ಲಿ ಅವರೊಂದು ಕಂಪನಿಯನ್ನು ಸ್ಥಾಪಿಸಿದರು. 1966ರ ಮೊದಲನೆಯ ಪ್ರಯತ್ನವು ಗೋಲವೊಂದರ ಎಂಟನೆಯ ಒಂದು ಭಾಗದ ಆಕಾರದ ಪೆಟ್ಟಿಗೆ. ಅದರ ಮೈಮೇಲೆ 22 ಚಿಕ್ಕ ಸ್ಪೀಕರ್‌ಗಳು. ಕೋಣೆಯ ಮೂಲೆಯಲ್ಲಿ ಇಟ್ಟರೆ ಎರಡು ಗೋಡೆ ಮತ್ತು ನೆಲ ಮೂರೂ ಕನ್ನಡಿಗಳಂತೆ ವರ್ತಿಸಿ ಅದನ್ನು ಪೂರ್ಣ ಗೋಲವನ್ನಾಗಿ ಮಾಡುವುವು. ಕಲ್ಪನೆಯು ಸುಂದರ, ಆದರೆ ಕೊಂಡವರು ಬೆರಳೆಣಿಕೆಯ ಮಂದಿ. ಅವರು ಎದೆಗುಂದದೆ 1968ರಲ್ಲಿ 901 ಎಂಬ ಪೆಟ್ಟಿಗೆಯನ್ನು ಹೊರತಂದರು. ಇದು ಪಂಚಕೋನಾಕೃತಿಯದು. ಹಿಂದಿನ ಎರಡು ಓರೆ ಹಲಗೆಗಳಲ್ಲಿ ನಾಲ್ಕು ನಾಲ್ಕರಂತೆ ಎಂಟು ಸ್ಪೀಕರ್‌ಗಳು, ಮುಂದೆ ಒಂದು. ಒಂಬತ್ತರಲ್ಲಿ ಒಂದೆಂದರೆ ನೂರಕ್ಕೆ ಸುಮಾರು ಹನ್ನೊಂದು! ಸಂಗೀತ ಮಂದಿರದ ಪ್ರಮಾಣವನ್ನು ಪೆಟ್ಟಿಗೆಯ ಮೈಮೇಲೆಯೇ ಬರೆದಂತಾಯಿತು. ಇದನ್ನು ಗೋಡೆಯಿಂದ ಒಂದು ಒಂದೂವರೆ ಅಡಿ ಮುಂದೆ ಇಡಬೇಕು. ಓರೆ ಹಲಗೆಗಳಿಂದ ಹೊರಟ ನಾದವು ಹಿಂದಿನ ಗೋಡೆಗೂ ಪಕ್ಕದ ಗೋಡೆಗೂ ತಾಗಿ, ಬೇರೆ ಬೇರೆ ದಾರಿಗಳಲ್ಲಿ, ತುಸು ತುಸು ತಡವಾಗಿ ಬಂದು, ಮುಂದಿನ ಒಂದೇ ಸ್ಪೀಕರಿನಿಂದ ನೇರವಾಗಿ ಬಂದುದರೊಡನೆ ಬೆರೆಯುವುದು. ಒಂಬತ್ತೂ ಒಂದೇ ಬಗೆಯ, ನಾಲ್ಕೂವರೆ ಅಂಗುಲದ ಚಿಕ್ಕ ಸ್ಪೀಕರ್‌ಗಳಾದುದರಿಂದ ಗಂಭೀರ ನಾದಕ್ಕೂ ತೀಕ್ಷ್ಣ ನಾದಕ್ಕೂ ಅವುಗಳ ಸಹಜ ಬಲವು ಸಾಲದು. ಆ ಕೊರತೆಯನ್ನು ತುಂಬುವುದಕ್ಕೆ ಈಕ್ವಲೈಜರ್ ಎಂಬ ಪ್ರತ್ಯೇಕ ಉಪಕರಣವನ್ನು ಜೋಡಿಸಿದರು. ಈ ಪೆಟ್ಟಿಗೆಯು ಹಲವು ಸಲ ಪರಿಷ್ಕಾರ ಹೊಂದುತ್ತ 2016ರವರೆಗೆ, ಎಂದರೆ ಅರ್ಧ ಶತಮಾನಕ್ಕೆ ಸಮೀಪ, ತಯಾರಾಗುತ್ತಿತ್ತು. ಬೋಸರು ಕಂಪನಿಯನ್ನು ನಡೆಸುತ್ತಲೇ 2001ರವರೆಗೆ ತಮ್ಮ ಸಂಸ್ಥೆಯಲ್ಲಿ ಪಾಠ ಹೇಳಿದರು, 2011ರಲ್ಲಿ ಕಂಪನಿಯ ಷೇರುಗಳಲ್ಲಿ ಬಹುಪಾಲನ್ನು ಆ ವಿದ್ಯಾಸಂಸ್ಥೆಗೇ ದಾನವಿತ್ತರು, 2013ರಲ್ಲಿ ತೀರಿಕೊಂಡರು. ಉಪಾಧ್ಯಾಯ ವೃತ್ತಿಯವರಾದ ನಮಗೆ ಇದನ್ನು ಹೇಳುವಾಗ ಸ್ವಲ್ಪ ಹೆಮ್ಮೆಯೆನಿಸುವುದು ಸಹಜ.

ಎಲ್ಲರೂ ಇದನ್ನು ಒಪ್ಪಿದರೆ? ಇಲ್ಲ. 1970ರಲ್ಲಿ ಅಲ್ಲಿಯ ಬಳಕೆದಾರರ ಪತ್ರಿಕೆಯೊಂದು ಈ ಪೆಟ್ಟಿಗೆಯನ್ನು ಪರೀಕ್ಷಿಸಿ, ಒಂದೊಂದು ವಾದ್ಯವೂ ಹಿಗ್ಗಿ ಕೋಣೆಯಲ್ಲಿ ಅತ್ತಿತ್ತ ಅಲೆದಾಡುವಂತೆ ಕೇಳಿಸುವುದೆಂಬ ಅರ್ಥದಲ್ಲಿ ಬರೆಯಿತು. ಕಂಪನಿಯು ದಾವೆ ಹೂಡಿತು. ವ್ಯಾಜ್ಯವು ಅಮೆರಿಕದ ಸರ್ವೋಚ್ಚ ನ್ಯಾಯಾಲಯದವರೆಗೆ ಏರಿ, 1984ರಲ್ಲಿ ಪತ್ರಿಕೆಯ ಪಕ್ಷಕ್ಕೆ ತೀರ್ಪಾಯಿತು. ತಾತ್ತ್ವಿಕವಾದ ಆಕ್ಷೇಪವೂ ಉಂಟು. ಸಂಗೀತವನ್ನು ಮುದ್ರಿಸಿಕೊಂಡಾಗಲೇ ಆ ಮಂದಿರದ ಅನುರಣನವೂ ಅದರಲ್ಲಿ ಸೇರಿರುವುದು. ಅದರ ಮೇಲೆ ನಮ್ಮ ಕೋಣೆಯ ಗೋಡೆಗಳ ಮಾತನ್ನೂ ಸೇರಿಸಿದರೆ ಒಗ್ಗರಣೆಗೆ ಒಗ್ಗರಣೆ ಹಾಕಿದಂತಾಗದೆ ಎಂಬುದು ಒಂದು ಪಕ್ಷ. ಕೆನಡ ದೇಶದ ರಾಷ್ಟ್ರೀಯ ಸಂಶೋಧನಾ ಮಂಡಲಿಯಲ್ಲಿ ದೀರ್ಘಕಾಲ ಕೇಳ್ಮೆಯ ಪರೀಕ್ಷೆಗಳನ್ನು ನಡೆಸಿದ ಫ್ಲಾಯ್ಡ್ ಟೂಲ್ ಅವರು ನಡುದಾರಿಯೊಂದನ್ನು ತೋರಿದರು: ಪಕ್ಕಗಳಿಗೆ ಹೋಗಿ ಮರಳಿ ಬರುವ ನಾದವು ನೇರ ನಾದದ ಗುಣವನ್ನೇ ಹೊಂದಿದ್ದರೆ ಕೇಳುವವರಿಗೆ ಅದು ಹಿತವೇ, ಗುಣಗೆಟ್ಟು ಮರಳಿದರೆ ಅಹಿತ. ವಾದವೇನೇ ಇರಲಿ, ಧ್ವನಿವರ್ಧಕವು ಒಂಟಿಯಾಗಿ ಹಾಡಲಾರದು, ಕೋಣೆಯೂ ಅದರೊಡನೆ ಹಾಡುವುದು ಎಂಬ ಸತ್ಯವನ್ನು ಎಲ್ಲರ ಕಿವಿಗೂ ಹಾಕಿದ ಶ್ರೇಯಸ್ಸಿನಲ್ಲಿ ಬೋಸರಿಗೆ ದೊಡ್ಡ ಪಾಲುಂಟು.

ನಮ್ಮ ಮೊದಲನೆಯ ಪ್ರಶ್ನೆಗೆ ಹೀಗೆ ಉತ್ತರ ದೊರೆಯಿತು. ಎರಡನೆಯದಕ್ಕೆ ಉತ್ತರವು ನಮ್ಮ ವ್ಯಾಕರಣದಲ್ಲಿಯೇ ಇರುವುದನ್ನು ಕಂಡು ನಮಗೆ ಆಶ್ಚರ್ಯವಾಯಿತು.

ನಮ್ಮ ಅಕ್ಷರಮಾಲೆಯನ್ನು ಹಿರಿಯರು ಸ್ವರಗಳೆಂದೂ ವ್ಯಂಜನಗಳೆಂದೂ ವಿಂಗಡಿಸಿದ್ದಾರೆ. ಸ್ವರವೆಂಬ ಶಬ್ದವೇ ಸಂಗೀತಕ್ಕೂ ಸಲ್ಲುವುದು. ಅದನ್ನು ಎಳೆಯಬಹುದು, ತೂಗಬಹುದು, ನಿಲ್ಲಿಸಬಹುದು. ಅದಕ್ಕೆ ಬಲವೂ ಹೆಚ್ಚು, ಆಯುಸ್ಸೂ ಹೆಚ್ಚು. ಕ, ತ, ಪ, ಸ ಮೊದಲಾದ ವ್ಯಂಜನಗಳಾದರೋ ಕ್ಷಣಮಾತ್ರದವು, ದುರ್ಬಲವಾದವು. ಆದರೂ ಕಾಲು, ಪಾಲು, ಸಾಲು, ಹಾಲುಗಳ ಭೇದವನ್ನು ಹೇಳುವವು ಅವೇ. ಮಾತನಾಡುವವನು ಸೆಕೆಂಡಿಗೆ ನಾಲ್ಕೈದು ಅಕ್ಷರಗಳನ್ನು ನುಡಿಯುವನು. ಹಿಂದಿನ ಅಕ್ಷರದ ಸ್ವರವು ಭವನದಲ್ಲಿ ಇನ್ನೂ ಮೊರೆಯುತ್ತಿರುವಾಗಲೇ ಮುಂದಿನ ಅಕ್ಷರದ ವ್ಯಂಜನವು ಬಂದು ಆ ಮೊರೆತದಲ್ಲಿ ಮುಳುಗಿಹೋಗುವುದು. ಭಾಗವತರ ಪದವು ಸ್ವರಪ್ರಧಾನ. ಅನುರಣನವು ಅದಕ್ಕೆ ಶ್ರುತಿ ಹಿಡಿದಂತೆ ಒದಗುವುದು. ಅರ್ಥಗಾರಿಕೆಯು ವ್ಯಂಜನಪ್ರಧಾನ, ಅದೇ ಅನುರಣನವು ಅದನ್ನು ನುಂಗುವುದು. "ಪದ ಕೇಳಿತು, ಅರ್ಥ ಕೇಳಲಿಲ್ಲ" ಎಂದ ಆ ಹಿರಿಯರು ಇಡೀ ಶಾಸ್ತ್ರವನ್ನು ನಾಲ್ಕು ಮಾತುಗಳಲ್ಲಿ ಹೇಳಿಬಿಟ್ಟಿದ್ದರು!

ಶಿಷ್ಯನ ಮನೆಯ ಕೋಣೆಯು ಹದಿನೈದು ಅಡಿಯದು. ಕಿಟಕಿಗೆ ಪರದೆ, ನೆಲಕ್ಕೆ ಜಮಖಾನ, ಮೆತ್ತನೆಯ ಆಸನಗಳು. ಅಲ್ಲಿ ಗೋಡೆಗೆ ತಾಗಿದ ನಾದವು ಒಂದು ಸೆಕೆಂಡಿನ ನೂರರಲ್ಲೊಂದು ಪಾಲಿನಷ್ಟೇ ತಡವಾಗಿ ಬಂದು ಮಿತ್ರನಾಗುವುದು. ನಮ್ಮ ಭವನವು ನೂರಡಿ ಉದ್ದ. ಗಾರೆಯ ಗೋಡೆ, ಕಲ್ಲುಹಾಸಿನ ನೆಲ, ತಗಡಿನ ಮಾಡು. ಹಿಂದಿನ ಗೋಡೆಗೆ ತಾಗಿ ವೇದಿಕೆಯ ಬಳಿಗೆ ಮರಳುವ ಮಾತು ಅದರ ಆರೇಳು ಪಟ್ಟು ಅನುಮತ ಕಾಲವನ್ನು ಕಳೆದು ಬರುವುದು. ಇಲ್ಲಿ ಗೋಡೆಗೆ ಎಂಟು ಪಾಲು ಕೊಟ್ಟರೆ ಶತ್ರುವಿಗೆ ಎಂಟು ಪಾಲು ಕೊಟ್ಟಂತೆ. ದೊಡ್ಡ ಧ್ವನಿವರ್ಧಕವನ್ನು ತಂದರೂ ಗತಿ ಬೇರೆಯಲ್ಲ. ಮಾತಿನ ಬಲ ಇಮ್ಮಡಿಯಾದರೆ ಮೊರೆತದ ಬಲವೂ ಇಮ್ಮಡಿಯಾಗುವುದು.

ಮಾತಿಗೆ ಬೇಕಾದ ಚಿಕಿತ್ಸೆಯನ್ನು ಬಲ್ಲವರು ಎಂದೋ ಮಾಡಿ ತೋರಿಸಿದ್ದಾರೆ. ಲಂಡನ್ನಿನ ಸೇಂಟ್ ಪಾಲ್ಸ್ ಕ್ಯಾಥೆಡ್ರಲ್‌ನ ಗುಮ್ಮಟವು ಶಬ್ದವನ್ನು ಬಹಳ ಹೊತ್ತು ಹಿಡಿದಿಡುವಂಥದು. ಅಲ್ಲಿಯ ಪ್ರವಚನವು ದೂರದವರಿಗೆ ತಿಳಿಯುತ್ತಿರಲಿಲ್ಲ. 1950ರ ದಶಕದ ಆದಿಯಲ್ಲಿ ಪಾರ್ಕಿನ್ ಮತ್ತು ಟೇಲರ್ ಎಂಬವರು, ಸ್ಪೀಕರ್‌ಗಳನ್ನು ಒಂದರ ಮೇಲೊಂದು ಜೋಡಿಸಿದ ಉದ್ದನೆಯ ಸ್ತಂಭಗಳನ್ನು ಅಲ್ಲಿ ನಿಲ್ಲಿಸಿದರು. ಇಂತಹ ಸ್ತಂಭವು ಧ್ವನಿಯನ್ನು ಮೇಲಕ್ಕೂ ಕೆಳಕ್ಕೂ ಚೆಲ್ಲದೆ ಕುಳಿತ ಜನರ ಕಡೆಗೇ ಹಾಯಿಸುವುದು. ದೂರದ ಸ್ತಂಭಗಳಿಗೆ ಹೋಗುವ ಮಾತನ್ನು ಯಂತ್ರದಿಂದ ತುಸು ತಡೆದು ಬಿಟ್ಟರು. ಹಾಸರ ನಿಯಮದಂತೆ, ಹತ್ತಿರದ ಸ್ತಂಭವೇ ನುಡಿಯುತ್ತಿದ್ದರೂ, ಮಾತು ಪ್ರವಚನಕಾರರ ಬಾಯಿಂದಲೇ ಬರುವಂತೆ ತೋರಿತು. ಬೋಸರು ಸಂಗೀತಕ್ಕಾಗಿ ಗೋಡೆಯನ್ನು ಕರೆದರು. ಇವರು ಮಾತಿಗಾಗಿ ಗೋಡೆಯನ್ನು ದೂರವಿಟ್ಟರು. ಎರಡೂ ಒಂದೇ ಶಾಸ್ತ್ರದ ಎರಡು ವಿನಿಯೋಗಗಳು.

ಓದಿದ್ದನ್ನು ಪರೀಕ್ಷಿಸದೆ ನಂಬಬಾರದೆಂದು ನಮ್ಮ ಮಿತ್ರರು ಹಟಹಿಡಿದರು. ಒಂದು ಶನಿವಾರ ಎಂಟನೆಯ ತರಗತಿಯ ಮಕ್ಕಳನ್ನು ಈ ಭವನಕ್ಕೆ ಕರೆತಂದೆವು. ವೇದಿಕೆಯ ಮೇಲೆ ನಿಂತು ಈಗಿರುವ ಧ್ವನಿವರ್ಧಕದಲ್ಲಿ ಉಕ್ತಲೇಖನ ಕೊಟ್ಟೆವು: ಬಿಡಿಬಿಡಿ ಪದಗಳು, ಅವುಗಳಲ್ಲಿ ಒತ್ತಕ್ಷರಗಳು, ಮಹಾಪ್ರಾಣಗಳು. ಮುಂದಿನ ಸಾಲಿನವರು ಹೆಚ್ಚುಕಡಿಮೆ ಸರಿಯಾಗಿ ಬರೆದರು. ಹಿಂದಿನ ಸಾಲಿನವರ ಪುಸ್ತಕದಲ್ಲಿ 'ಪಕ್ಷ'ವು 'ವೃಕ್ಷ'ವಾಗಿತ್ತು, 'ಸತ್ತ್ವ'ವು 'ತತ್ತ್ವ'ವಾಗಿತ್ತು. ಬಳಿಕ ಸಾಲುಗಳನ್ನು ಅದಲುಬದಲು ಮಾಡಿ ಬೇರೆ ಪದಗಳನ್ನು ಹೇಳಿದೆವು, ತಪ್ಪುಗಳೂ ಅದಲುಬದಲಾದುವು. ತಪ್ಪು ಮಕ್ಕಳದಲ್ಲ, ಕುಳಿತ ಜಾಗದ್ದು ಎಂದು ತಿಳಿಯಿತು. ಮರುವಾರ ಮಕ್ಕಳೇ ಮನೆಮನೆಯಿಂದ ಜಮಖಾನ, ಕಂಬಳಿ, ದಪ್ಪ ಹಾಸಿಗೆಗಳನ್ನು ಹೊತ್ತು ತಂದು ಹಿಂದಿನ ಗೋಡೆಗೆ ಇಳಿಬಿಟ್ಟರು. ಮಾಡಿನ ಬಳಿಯಿದ್ದ ಧ್ವನಿವರ್ಧಕಗಳನ್ನು ಇಳಿಸಿ, ನಡುಭಾಗದ ಕಂಬಗಳಲ್ಲಿ ಆಳೆತ್ತರಕ್ಕೆ ಕಟ್ಟಿ, ಸದ್ದನ್ನು ತಗ್ಗಿಸಿದೆವು. ಪೂರ್ತಿ ಗುಣವಾಯಿತೆಂದು ಹೇಳಲಾರೆವು. ಆದರೆ ಹಿಂದಿನ ಸಾಲಿನ ತಪ್ಪುಗಳು ಕಣ್ಣಿಗೆ ಕಾಣುವಷ್ಟು ಇಳಿದುವು. ಸಬೈನರ ದಿಂಬುಗಳಂತೆ ಜಮಖಾನಗಳೂ ಆ ಸಂಜೆಯೇ ಸ್ವಸ್ಥಾನ ಸೇರಿದುವು.

ಈ ಪರೀಕ್ಷೆಯಲ್ಲಿ ನಾವು ಎಣಿಸದೆ ಇದ್ದ ಒಂದು ಸಂಗತಿಯು ಕಂಡುಬಂದಿತು. ಇಂದು ತಮ್ಮ ಮುಂದೆ ನಿಲ್ಲುವುದಕ್ಕೆ ಅದೇ ಮುಖ್ಯ ಕಾರಣ. ಹಿಂದಿನ ಸಾಲಿನಲ್ಲಿ ಕುಳಿತಾಗಲೂ ಕೆಲವು ಮಕ್ಕಳು ಬಹುಪಾಲು ಸರಿ ಬರೆದಿದ್ದರು. ಅವರ ಕಿವಿ ಬೇರೆಯಲ್ಲ. ಅವರ ಮನೆಮಾತು ಕನ್ನಡ. ಅರ್ಧ ಕೇಳಿಸಿದ ಪದವನ್ನು ಅವರ ಮನಸ್ಸು ತುಂಬಿಕೊಂಡಿತು. ತುಳುವೋ ಮಲೆಯಾಳವೋ ಕೊಂಕಣಿಯೋ ಮರಾಠಿಯೋ ಮನೆಮಾತಾಗಿ, ಕನ್ನಡವನ್ನು ಶಾಲೆಯಲ್ಲಷ್ಟೇ ಕೇಳುವ ಮಕ್ಕಳು ಅದೇ ಜಾಗದಲ್ಲಿ ಕುಳಿತು ಹೆಚ್ಚು ಸೋತರು. ಇದು ನಮ್ಮ ಊರಿನ ವಿಶೇಷವಲ್ಲ. ಮೊರೆತದಲ್ಲಿಯೂ ಗದ್ದಲದಲ್ಲಿಯೂ ಮನೆಮಾತಲ್ಲದ ಭಾಷೆಯನ್ನು ಗ್ರಹಿಸುವುದು ಹೆಚ್ಚು ಕಷ್ಟವೆಂಬುದನ್ನು ವಿದ್ವಾಂಸರು ಬೇರೆಡೆಗಳಲ್ಲಿಯೂ ಪರೀಕ್ಷಿಸಿ ಕಂಡಿದ್ದಾರೆ. ತಿಳಿದವನು ಊಹಿಸುವನು; ಕಲಿಯುವವನು ಕೇಳಲೇಬೇಕು.

ಬಂಧುಗಳೆ, 1956ರಲ್ಲಿ ರಾಜ್ಯಗಳ ಗಡಿ ಬರೆದಾಗ ನಮ್ಮ ಕಾಸರಗೋಡು ಸೀಮೆಯು ಕೇರಳಕ್ಕೆ ಸೇರಿತು. ಅಂದಿನಿಂದ ಇಂದಿನವರೆಗೆ ಕನ್ನಡ ಮಾಧ್ಯಮದ ಶಾಲೆಗಳನ್ನು ಉಳಿಸಿಕೊಂಡು ಬಂದ 'ನಾವು' ಎಂಬುದರಲ್ಲಿ ಕನ್ನಡ ಮನೆಮಾತಿನವರಷ್ಟೇ ಇಲ್ಲ. ಬೇರೆ ಮನೆಮಾತಿನವರೂ ತಮ್ಮ ಮಕ್ಕಳನ್ನು ನಂಬಿ ನಮ್ಮ ಕೈಗೆ ಒಪ್ಪಿಸಿದ್ದಾರೆ. ಮೈಸೂರಿನಲ್ಲೋ ಧಾರವಾಡದಲ್ಲೋ ಒಂದು ಮಗುವು ತರಗತಿಯಲ್ಲಿ ಒಂದು ಮಾತನ್ನು ತಪ್ಪಿಸಿಕೊಂಡರೆ ಬೀದಿಯಲ್ಲಿ, ಅಂಗಡಿಯಲ್ಲಿ, ಬಸ್ಸಿನಲ್ಲಿ ಅದೇ ಮಾತು ಮತ್ತೆ ಅದರ ಕಿವಿಗೆ ಬೀಳುವುದು. ನಮ್ಮ ಮಗುವಿಗೆ ಆ ಅನುಕೂಲವು ಅಷ್ಟಿಲ್ಲ. ಅದು ಶುದ್ಧವಾದ ಕನ್ನಡವನ್ನು ಕೇಳುವುದು ತರಗತಿಯಲ್ಲಿ, ಇಂತಹ ಸಭೆಯಲ್ಲಿ, ತಾಳಮದ್ದಳೆಯಲ್ಲಿ. ಅಲ್ಲಿಯೂ ವ್ಯಂಜನಗಳು ಮೊರೆತದಲ್ಲಿ ಮುಳುಗಿದರೆ ಆ ಮಗುವು ಕನ್ನಡವೆಂದರೆ ಒಂದು ಗುಂಯ್‌ಗುಟ್ಟುವ ಸದ್ದೆಂದು ತಿಳಿದು ಎದ್ದುಹೋದೀತು. ಹೋದ ಮೇಲೆ ಮಕ್ಕಳಿಗೆ ಅಭಿಮಾನವಿಲ್ಲವೆಂದು ನಾವು ದೂರುವೆವು. ಕೇಳಿಸಿದೆವೆ ಎಂದು ಮೊದಲು ನಮ್ಮನ್ನು ನಾವು ಕೇಳಿಕೊಳ್ಳಬೇಡವೆ?

ಆದುದರಿಂದ ಸಮಿತಿಯವರಲ್ಲಿ ನಮ್ಮ ಬಿನ್ನಹವಿಷ್ಟೆ. ದೊಡ್ಡ ಧ್ವನಿವರ್ಧಕಗಳಿಗೆಂದು ತೆಗೆದಿರಿಸಿದ ಹಣದ ಮೊದಲ ಪಾಲನ್ನು ಹಿಂದಿನ ಗೋಡೆಗೂ ಪಕ್ಕದ ಗೋಡೆಗಳ ಮೇಲ್ಭಾಗಕ್ಕೂ ದಪ್ಪನೆಯ ಪರದೆಗಳನ್ನು ಹಾಕಿಸುವುದಕ್ಕೆ ವಿನಿಯೋಗಿಸೋಣ. ಪರದೆಗಳು ಸರಿಸಲು ಬರುವಂತಿರಲಿ. ಸಂಗೀತ ಕಚೇರಿಯ ದಿನ ಅವುಗಳನ್ನು ಒಂದಿಷ್ಟು ಸರಿಸಿ ಗೋಡೆಗೂ ಹಾಡುವ ಅವಕಾಶ ಕೊಡೋಣ. ಉಳಿದ ಹಣದಲ್ಲಿ, ಭವನದ ಮುಂಭಾಗಕ್ಕೊಂದು ಜೊತೆ, ನಡುಭಾಗಕ್ಕೊಂದು ಜೊತೆ ಸ್ತಂಭದಾಕಾರದ ಸ್ಪೀಕರ್‌ಗಳನ್ನು ತರಿಸಿ, ಕುಳಿತವರ ಕಡೆಗೆ ಮುಖಮಾಡಿಸಿ, ಮಿತವಾದ ಸದ್ದಿನಲ್ಲಿ ನುಡಿಸೋಣ. ನಮ್ಮ ಶಿಷ್ಯನ ಉಡುಗೊರೆಯನ್ನು ಸಂತೋಷದಿಂದ ಸ್ವೀಕರಿಸೋಣ. ಅದಕ್ಕೆ ಯೋಗ್ಯವಾದ ಸ್ಥಾನವು ಮೇಲಿನ ಮಹಡಿಯ ಸಂಗೀತ ತರಗತಿಯ ಚಿಕ್ಕ ಕೋಣೆ. ಹಳೆಯ ವಿದ್ವಾಂಸರ ಕಚೇರಿಗಳನ್ನು ಮಕ್ಕಳು ಅಲ್ಲಿ ಕೇಳಲಿ. ಅವನಿಗೆ ಇದನ್ನು ಬರೆದು ತಿಳಿಸಿದೆವು. "ನೀವು ಹೇಳಿದ ಹಾಗೇ ಆಗಲಿ ಸರ್, ಪರದೆಯ ಖರ್ಚಿನಲ್ಲಿ ನನ್ನದೂ ಒಂದು ಪಾಲಿರಲಿ" ಎಂದು ಉತ್ತರಿಸಿದ್ದಾನೆ.

ಬರುವ ಆಷಾಢದ ತಾಳಮದ್ದಳೆಗೆ ಆ ಹಿರಿಯರನ್ನು ನಾವೇ ಹೋಗಿ ಕರೆತರುವೆವು. ಅವರು ಹಿಂದಿನ ಸಾಲಿನಲ್ಲಿಯೇ ಕುಳಿತುಕೊಳ್ಳಲಿ, ಅವರ ಪಕ್ಕದಲ್ಲಿ ಎಂಟನೆಯ ತರಗತಿಯ ಮಕ್ಕಳು ಕುಳಿತುಕೊಳ್ಳಲಿ. ಪ್ರಸಂಗ ಮುಗಿದ ಬಳಿಕ ಅವರೇನೆನ್ನುವರೋ ಅದೇ ನಮ್ಮ ಕೆಲಸದ ಪರೀಕ್ಷೆ.

ಹಿಂದಿನ ಸಾಲಿನವರಿಗೆ ಎಷ್ಟು ಕೇಳಿಸಿತೋ ನಾವರಿಯೆವು. ಕೇಳಿಸದೆ ಹೋದುದನ್ನು ಸಂಚಿಕೆಯಲ್ಲಿ ಓದಿಕೊಳ್ಳಬೇಕೆಂದು ಪ್ರಾರ್ಥಿಸುತ್ತೇವೆ.